ಹನ್ನೊಂದು ಮಣಿಗಳ ಕಂಠಿಕೆ

ನೃಪತುಂಗನ ಹೆಸರೆತ್ತಿದೊಡನೆ ನಮ್ಮ ಸಾಹಿತ್ಯ ವಿದ್ಯಾರ್ಥಿಗಳ ನಾಲಗೆಯ ಮೇಲೆ ಬರುವುದು ಒಂದೇ ಗ್ರಂಥ. ‘ಕವಿರಾಜಮಾರ್ಗ’ದ ಕರ್ತೃ ದೊರೆಯೇ ಅಥವಾ ಶ್ರೀವಿಜಯನೇ ಎಂಬ ವಾದಕ್ಕಾಗಿ ನಮ್ಮ ಪಂಡಿತರು ಖರ್ಚುಮಾಡಿದ ಮಸಿಯನ್ನೆಲ್ಲ ಕೂಡಿಸಿದರೆ ಕಾಗಿಣಾ ನದಿಗೆ ಒಂದು ಸಣ್ಣ ಪ್ರವಾಹವೇ ಬಂದೀತು. ವಾದ ಬೇಕಾದದ್ದೇ, ಅದರಿಂದ ನಮಗೆ ಲಾಭವೂ ಆಗಿದೆ. ಆದರೆ ಅದೇ ದೊರೆಯ ಆಳಿಕೆಯಲ್ಲಿ, ಅವನನ್ನೇ ಹೊಗಳಿ ಹೊರಟ, ಸಾವಿರಕ್ಕೂ ಮಿಕ್ಕ ಪದ್ಯಗಳುಳ್ಳ ಇನ್ನೊಂದು ಗ್ರಂಥವನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಬಹುಮಟ್ಟಿಗೆ ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಅದು ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’. ಕಾಲ ಸುಮಾರು ಕ್ರಿ.ಶ. ೮೫೦. ಸಂಸ್ಕೃತದಲ್ಲಿದೆಯೆಂದು ಕನ್ನಡದವರು ಅದನ್ನು ಬದಿಗಿಟ್ಟರು. ಗಣಿತವೆಂದು ಕಾವ್ಯರಸಿಕರು ಬದಿಗಿಟ್ಟರು. ಪದ್ಯವೆಂದು ಶಾಲೆಯ ಗಣಿತದ ಮೇಷ್ಟರುಗಳು ಬದಿಗಿಟ್ಟರು.

ಆ ಗ್ರಂಥದ ಒಂದು ಸಂಖ್ಯೆಯನ್ನು, ಒಂದು ಪದ್ಯವನ್ನು ನೋಡುವಂತೆ, ನಿಧಾನವಾಗಿ ನೋಡಬೇಕೆಂಬುದು ಈ ಲೇಖನದ ಉದ್ದೇಶ. ಸಂಖ್ಯೆ ಇದು: ೧೨೩೪೫೬೫೪೩೨೧. ನಮ್ಮ ಬಳಕೆಯ ಮಾತಿನಲ್ಲಿ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಹೀಗೆ ಬಾಯಲ್ಲಿ ಹೇಳಿದರೆ ಅದರಲ್ಲಿ ವಿಶೇಷವೇನೂ ಕಾಣದು. ಯಾವುದೋ ಆಯವ್ಯಯ ಪತ್ರಿಕೆಯಿಂದ ಉದುರಿದ ಮೊತ್ತವೆನ್ನಿಸುತ್ತದೆ. ಬರೆದು ನೋಡಿದರೆ ಮಾತು ಬೇರೆ. ಒಂದರಿಂದ ಆರರವರೆಗೆ ಏರಿ, ಮತ್ತೆ ಆರರಿಂದ ಒಂದಕ್ಕೆ ಇಳಿಯುವ ಹನ್ನೊಂದು ಅಂಕಿಗಳು. ಮಹಾವೀರನೇ ಅದನ್ನು ಈ ಏರಿಳಿತದ ರೂಪದಿಂದಲೇ ವರ್ಣಿಸುತ್ತಾನೆ. ಏಕ, ದಶ, ಶತ ಎಂದು ಮೊದಲಾಗಿ ಮಹಾಕ್ಷೋಭದವರೆಗೆ ಅವನು ಕೊಡುವ ಸ್ಥಾನನಾಮಗಳು ಇಪ್ಪತ್ತನಾಲ್ಕು. ಅವುಗಳಲ್ಲಿ ಹನ್ನೊಂದನೆಯದು ಅರ್ಬುದ. ನಮ್ಮ ಸಂಖ್ಯೆಯ ಎಡತುದಿಯ ಒಂದು ಕುಳಿತಿರುವುದು ಆ ಅರ್ಬುದದ ಮಣೆಯ ಮೇಲೆ.

ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿನ ಕಡೆಗೆ ಹೊರಟ ರೈಲುಗಾಡಿ ಚಿತ್ತಾಪುರವನ್ನು ದಾಟಿ ಸೇಡಮ್ಮನ್ನು ಮುಟ್ಟುವುದಕ್ಕೆ ಮೊದಲು ಮಳಖೇಡ ರೋಡ್ ಎಂಬ ನಿಲ್ದಾಣ ಸಿಗುತ್ತದೆ. ಇಂದು ಆ ಸೀಮೆಯ ಗುರುತು ಸುಣ್ಣಕಲ್ಲು ಮತ್ತು ಸಿಮೆಂಟು. ಕಾಗಿಣಾ ದಂಡೆಯ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಎಂಬುದು ಪಠ್ಯಪುಸ್ತಕ ಓದಿದವರಿಗೆಲ್ಲ ಗೊತ್ತು. ಚಿಂಚೋಳಿಯ ಮುಲ್ಲಾಮಾರಿ ಬಂದು ಕೂಡುವುದು ಈ ಕಾಗಿಣೆಯನ್ನೇ. ಇನ್ನೂರು ವರ್ಷಗಳ ತರುವಾಯ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಚಿತ್ತಾಪುರದ ಮಗ್ಗುಲಿನ ನಾಗಾವಿಯಲ್ಲಿ ಘಟಿಕಾಸ್ಥಾನವಿತ್ತು. ಅಲ್ಲಿನ ಶಾಸನದಲ್ಲಿ ಉಪಾಧ್ಯಾಯರ ಜೊತೆಗೆ ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರ ಮಾತೂ ಬರುತ್ತದೆ. ಈ ನೆಲಕ್ಕೆ ವಿದ್ಯೆಯ ನಂಟು ಹೊಸದಲ್ಲ ಎಂಬುದಕ್ಕಾಗಿ ಇಷ್ಟು ಹೇಳಿದೆ. ದೊರೆಯನ್ನು ಹೊಗಳಿದ ಮಾತ್ರಕ್ಕೆ ಮಹಾವೀರನು ಮಾನ್ಯಖೇಟದ ಕೋಟೆಯೊಳಗೇ ಕುಳಿತು ಬರೆದನೆಂದು ಸಾಧಿಸುವ ಅವಸರ ನನಗಿಲ್ಲ. ಆ ದೊರೆಯ ಆಳಿಕೆಯಲ್ಲಿ ಬರೆದನು, ಆ ಆಸ್ಥಾನದ ರುಚಿಯನ್ನು ಬಲ್ಲವನಾಗಿದ್ದನು. ನಮ್ಮ ವಿಚಾರಕ್ಕೆ ಅಷ್ಟು ಸಾಕು.

ಸಂಖ್ಯೆ ಗ್ರಂಥದಲ್ಲಿ ಎಲ್ಲಿ ಹುಟ್ಟುತ್ತದೆಂಬುದನ್ನು ಗಮನಿಸಬೇಕು. ಮಹಾವೀರನ ಪರಿಕರ್ಮಗಳು ಎಂಟು: ಗುಣಾಕಾರ, ಭಾಗಾಕಾರ, ವರ್ಗ, ವರ್ಗಮೂಲ, ಘನ, ಘನಮೂಲ, ಬಳಿಕ ಶ್ರೇಢಿಗಳ ಸಂಕಲಿತ, ವ್ಯುತ್ಕಲಿತ. ಸಾಮಾನ್ಯವಾದ ಕೂಡುವುದು ಕಳೆಯುವುದು ಓದುಗನಿಗೆ ಬರುತ್ತದೆಂದು ಇಟ್ಟುಕೊಂಡು, ಅವನು ಗುಣಾಕಾರವನ್ನೇ ಹೆಬ್ಬಾಗಿಲು ಮಾಡಿದ್ದಾನೆ. ಆ ಹೆಬ್ಬಾಗಿಲಿಗೇ ಹಾರಗಳ ತೋರಣ. ೨೭೯೯೪೬೮೧ ಎಂಬುದನ್ನು ಪಾಟಿಯ ಮೇಲೆ ಬರೆ, ಅದನ್ನು ೪೪೧ರಿಂದ ಗುಣಿಸು, ಬಂದುದೇನೆಂದು ಹೇಳು ಎಂಬ ತರದ ಪ್ರಶ್ನೆ. ಕೊಟ್ಟ ಎರಡು ಸಂಖ್ಯೆಗಳಲ್ಲಿ ಒಂದಕ್ಕೂ ಚೆಲುವಿಲ್ಲ. ಮೊದಲನೆಯದರ ಅಂಕಿಗಳು ಸಂತೆಯಲ್ಲಿ ನಿಂತ ಜನರಂತೆ ಹೇಗೆ ಬೇಕೋ ಹಾಗೆ ನಿಂತಿವೆ. ಹುಡುಗ ಒಂದರ ಕೆಳಗೊಂದು ಸಾಲು ಬರೆದು, ಕೂಡಿಸಿ, ಗೆರೆ ಎಳೆದಾಗ ಗೆರೆಯ ಕೆಳಗೆ ಹಾರ ಬಿದ್ದಿರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಹಳೆಯ ಶಾಸ್ತ್ರಕಾರರು ಪದ್ಯದಲ್ಲಿ ಸಂಖ್ಯೆಯನ್ನು ಹೇಳುವಾಗ ಅಂಕಿಯ ಹೆಸರನ್ನು ನೇರವಾಗಿ ಹೇಳದೆ ಸಂಕೇತ ಪದಗಳನ್ನು ಬಳಸುತ್ತಿದ್ದರು. ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು, ಬಾಣವೆಂದರೆ ಐದು, ಋತುವೆಂದರೆ ಆರು. ಜೈನನಾದ ಮಹಾವೀರನಲ್ಲಿ ರತ್ನವೆಂದರೆ ಮೂರು, ಕರ್ಮವೆಂದರೆ ಎಂಟು. ಸಾಲದುದಕ್ಕೆ, ಹೇಳುವ ಕ್ರಮ ಬಿಡಿಯ ಸ್ಥಾನದಿಂದ ಎಡಕ್ಕೆ. ಎಂದರೆ, ಪದ್ಯದಲ್ಲಿ ಮೊದಲು ಬಂದದ್ದು ಪಾಟಿಯಲ್ಲಿ ಕೊನೆಗೆ ನಿಲ್ಲಬೇಕು. ಕಿವಿಗೆ ಬಿದ್ದ ಸಂಖ್ಯೆಯನ್ನು ಮನಸ್ಸಿನಲ್ಲಿ ಒಮ್ಮೆ ತಿರುವಿಹಾಕಿಯೇ ಬರೆಯಬೇಕು. ಹಾರಸಂಖ್ಯೆಗೆ ಮಾತ್ರ ಈ ತಿರುವಿಹಾಕುವ ಕಷ್ಟವಿಲ್ಲ. ಬಲದಿಂದ ಹೇಳಿದರೂ ಅದೇ, ಎಡದಿಂದ ಬರೆದರೂ ಅದೇ. ಕಿವಿಯ ಕ್ರಮವೂ ಕಣ್ಣಿನ ಕ್ರಮವೂ ಕೂಡುವ ಅಪರೂಪದ ಜಾಗ ಅದು. ಬಾಲಕನೊಬ್ಬ ಮೊದಲ ಪಾಠದಲ್ಲೇ ಇದನ್ನು ಕಂಡು ನಕ್ಕಿರಬೇಕು.

ಭಾರವಿ ಮಾಘರ ಕಾವ್ಯಗಳಲ್ಲಿ ಹಿಂದುಮುಂದಾಗಿ ಓದಿದರೂ ಅದೇ ಆಗುವ ಗತಪ್ರತ್ಯಾಗತದ ಪದ್ಯಗಳಿವೆ. ದಂಡಿಯು ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದವನ್ನು ಬಹುಮಟ್ಟಿಗೆ ಇಂಥ ಕಸರತ್ತಿಗೇ ಬಿಟ್ಟುಕೊಟ್ಟಿದ್ದಾನೆ, ಆ ದಂಡಿಯನ್ನು ನಮ್ಮ ‘ಕವಿರಾಜಮಾರ್ಗ’ ಎಷ್ಟು ಹತ್ತಿರದಿಂದ ಅನುಸರಿಸುತ್ತದೆಂಬುದು ಎಲ್ಲರಿಗೂ ತಿಳಿದದ್ದು. ಆದ್ದರಿಂದ ಹಾರಸಂಖ್ಯೆಗಳನ್ನು ಚಿತ್ರಕವಿತ್ವದ ಅಂಕಿಯ ಅವತಾರವೆಂದು ಕರೆದು ಕೈತೊಳೆದುಕೊಳ್ಳಬಹುದೆಂದು ತೋರುತ್ತದೆ. ನನಗೆ ಇದು ಸಮ್ಮತವಲ್ಲ. ಚಿತ್ರಕವಿ ಅಕ್ಷರಗಳನ್ನು ತನ್ನ ಇಷ್ಟದಂತೆ ಕೂಡಿಸುತ್ತಾನೆ. ಅರ್ಥ ಸೊರಗಿದರೆ ವ್ಯಾಖ್ಯಾನಕಾರ ಬಂದು ಅದಕ್ಕೆ ಊರುಗೋಲು ಕೊಡುತ್ತಾನೆ. ಅಂಕಿಗೆ ವ್ಯಾಖ್ಯಾನಕಾರನ ದಾಕ್ಷಿಣ್ಯವಿಲ್ಲ. ಗುಣಲಬ್ಧದಲ್ಲಿ ಒಂದು ಮಣಿ ತಪ್ಪಿದರೂ ಹಾರವೇ ಇಲ್ಲ. ಹಾಗಾದರೆ ಮಹಾವೀರನಿಗೆ ಈ ೨೭೯೯೪೬೮೧ ಎಲ್ಲಿ ಸಿಕ್ಕಿತು? ಗುಣಿಸುತ್ತ ಗುಣಿಸುತ್ತ ಅಕಸ್ಮಾತ್ತಾಗಿ ಸಿಗುವಂಥದಲ್ಲ ಅದು.

ಹಾರದ ಕಡೆಯಿಂದಲೇ ಹಿಂದಕ್ಕೆ ನಡೆದರೆ ದಾರಿ ಕಾಣುತ್ತದೆ. ೧೧೧೧೧೧ನ್ನು ತನ್ನಿಂದಲೇ ಗುಣಿಸಿದರೆ ೧೨೩೪೫೬೫೪೩೨೧ ಬರುತ್ತದೆ. ಏಕೆಂದು ತಿಳಿಯಲು ಶಹಾಬಾದಿನ ಕಲ್ಲಿನ ಗಣಿಯ ಕಡೆಗೆ ಹೋಗಿ ಬರೋಣ. ಒಂದೇ ಅಳತೆಯ ಆರು ಪರ್ಸಿಗಳನ್ನು ಸಾಲಾಗಿ ಹಾಸಿರಿ. ಅದರ ಮೇಲೆ ಇನ್ನೊಂದು ಆರರ ಸಾಲು, ಆದರೆ ಒಂದು ಕಲ್ಲಿನಷ್ಟು ಎಡಕ್ಕೆ ಸರಿಸಿ. ಹೀಗೆ ಆರು ಸಾಲು, ಪ್ರತಿ ಸಲವೂ ಒಂದು ಕಲ್ಲು ಸರಿಸುತ್ತ. ಈಗ ನೇರ ಕೆಳಗಿನಿಂದ ಮೇಲಕ್ಕೆ ಎಷ್ಟೆಷ್ಟು ಕಲ್ಲು ಕೂತಿವೆಯೆಂದು ಎಣಿಸಿದರೆ, ಒಂದು ತುದಿಯಲ್ಲಿ ಒಂದು, ಅದರ ಪಕ್ಕಕ್ಕೆ ಎರಡು, ನಟ್ಟನಡುವೆ ಆರು, ಮತ್ತೆ ಇಳಿಯುತ್ತ ಕೊನೆಗೆ ಒಂದು. ಗುಣಾಕಾರದಲ್ಲಿ ಸಾಲಿನ ಕೆಳಗೆ ಸಾಲು ಬರೆಯುವಾಗ ನಾವು ಮಾಡುವುದು ಇದನ್ನೇ. ಆರು ಒಂದುಗಳ ಸಾಲನ್ನು ಆರು ಸಲ ಸರಿಸಿ ಸರಿಸಿ ಇಡುತ್ತೇವೆ. ಒಟ್ಟು ಕಲ್ಲು ಮೂವತ್ತಾರು. ಹಾರದ ಹನ್ನೊಂದು ಅಂಕಿಗಳನ್ನು ಕೂಡಿಸಿ ನೋಡಿರಿ, ಮೂವತ್ತಾರೇ ಬರುತ್ತದೆ.

ಒಂಬತ್ತು ಒಂದುಗಳವರೆಗೆ ಈ ಮೆಟ್ಟಿಲು ಕೆಡದೆ ನಿಲ್ಲುತ್ತದೆ. ೧೧೧೧೧೧೧೧೧ರ ವರ್ಗ ೧೨೩೪೫೬೭೮೯೮೭೬೫೪೩೨೧. ಹತ್ತಾದೊಡನೆ ನಡುವಿನ ಕಂಬದಲ್ಲಿ ಹತ್ತು ಕಲ್ಲು ಸೇರಿ, ದಶಕ ಎಡಕ್ಕೆ ಉರುಳಿ, ಅಂದ ಕೆಡುತ್ತದೆ. ಒಂಬತ್ತರವರೆಗೆ ಹೋಗಲು ಅವಕಾಶವಿದ್ದಾಗ ಮಹಾವೀರ ಆರಕ್ಕೇ ಏಕೆ ನಿಂತ? ಆಡಂಬರವೇ ಅವನ ಉದ್ದೇಶವಾಗಿದ್ದರೆ ಒಂಬತ್ತನ್ನೇ ಹಿಡಿಯುತ್ತಿದ್ದ. ಆದರೆ ಅವನಿಗೆ ಬೇಕಾದದ್ದು ತೋರಿಸುವ ಹಾರವಷ್ಟೇ ಅಲ್ಲ, ಬಚ್ಚಿಡಬಲ್ಲ ಹಾರ. ಬಚ್ಚಿಡಬೇಕಾದರೆ ಅದನ್ನು ಎರಡು ಪಾಲು ಮಾಡಲು ಬರಬೇಕು. ಏಳು ಒಂದುಗಳ ಸಂಖ್ಯೆ ೨೩೯ ಮತ್ತು ೪೬೪೯ ಎಂಬ ಎರಡೇ ಅವಿಭಾಜ್ಯಗಳ ಗುಣಲಬ್ಧ. ಐದು ಒಂದುಗಳದು ೪೧ ಮತ್ತು ೨೭೧ರದು. ಇವುಗಳನ್ನು ಪಾಲು ಮಾಡಲು ಒಂದೇ ದಾರಿ. ಆರು ಒಂದುಗಳ ಸಂಖ್ಯೆಯಾದರೋ ೩, ೭, ೧೧, ೧೩, ೩೭ ಎಂಬ ಐದು ಸಣ್ಣ ಅವಿಭಾಜ್ಯಗಳಾಗಿ ಒಡೆಯುತ್ತದೆ. ಅದರ ವರ್ಗವಾದ ನಮ್ಮ ಹಾರವನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಇನ್ನೂರ ನಲವತ್ತಮೂರು. ಹೊರಗೆ ಹನ್ನೊಂದು ಮಣಿ ಮಾತ್ರ ಕಾಣುವ ಹಾರದೊಳಗೆ ಇಷ್ಟು ಗಂಟುಗಳಿವೆ.

ಮಹಾವೀರನು ೩ ಮತ್ತು ೭ನ್ನು ಒಂದು ಕಡೆಗೆ ತೆಗೆದಿದ್ದಾನೆ: ೨೧. ಉಳಿದ ೧೧, ೧೩, ೩೭ ಇನ್ನೊಂದು ಕಡೆಗೆ: ೫೨೯೧. ೨೧ರ ವರ್ಗ ೪೪೧; ೫೨೯೧ರ ವರ್ಗ ೨೭೯೯೪೬೮೧. ಗುಣ್ಯ ಗುಣಕಗಳೆರಡೂ ಪೂರ್ಣವರ್ಗಗಳು! ಗುಣಾಕಾರದ ಪಾಠದಲ್ಲಿರುವ ಹುಡುಗನಿಗೆ ವರ್ಗವೆಂಬುದು ಇನ್ನೂ ಎರಡು ಪಾಠಗಳ ಆಚೆಗಿದೆ. ಅವನು ವರ್ಗಮೂಲದ ಪಾಠ ಮುಗಿಸಿ, ಹಿಂದಿನ ಓಲೆಯನ್ನು ಮತ್ತೊಮ್ಮೆ ತಿರುವಿದಾಗ ಮಾತ್ರ ಈ ಗುಟ್ಟು ಬಿಟ್ಟೀತು. ಎರಡನೆಯ ಓದಿಗೆ ಹೆಚ್ಚು ಕೊಡುವ ಬರಹವನ್ನು ನಾವು ಸಾಹಿತ್ಯದಲ್ಲಿ ಏನೆಂದು ಕರೆಯುತ್ತೇವೆಂಬುದನ್ನು ಸಹೃದಯರಿಗೆ ಹೇಳಬೇಕಾಗಿಲ್ಲ.

ಇನ್ನೂ ಒಂದು ಮಾತು. ಪಾಲು ಮಾಡಲು ಇದಕ್ಕಿಂತ ಸುಲಭವಾದ, ಕಣ್ಣಿಗೆ ಹೆಚ್ಚು ಅಂದವಾದ ಜೋಡಿ ಒಂದಿತ್ತು. ೧೧೧ ಮತ್ತು ೧೦೦೧. ಅವುಗಳ ವರ್ಗ ೧೨೩೨೧ ಮತ್ತು ೧೦೦೨೦೦೧; ಗುಣಿಸಿದರೆ ಅದೇ ಹಾರ. ಎರಡು ಪುಟ್ಟ ಹಾರಗಳು ಕೂಡಿ ಒಂದು ದೊಡ್ಡ ಹಾರ. ಸಾಧಾರಣ ಕುಶಲಿ ಈ ಜೋಡಿಯನ್ನೇ ಹಿಡಿದು, ನೋಡಿ ಎಂಥ ಚಮತ್ಕಾರ ಎಂದು ಬೆನ್ನು ತಟ್ಟಿಕೊಳ್ಳುತ್ತಿದ್ದ. ಆದರೆ ಕೊಟ್ಟದ್ದರಲ್ಲೇ ಹಾರ ಕಂಡುಬಿಟ್ಟರೆ ಬಂದದ್ದರಲ್ಲಿ ಅಚ್ಚರಿ ಎಲ್ಲಿಂದ ಬರಬೇಕು? ೯ ಮತ್ತು ೧೩೭೧೭೩೯೩೬೯ ಎಂದು ಕೊಡಬಹುದಾಗಿತ್ತು; ಅದರಲ್ಲಿ ಗುಣಕ ಒಂದೇ ಅಂಕಿ, ಹುಡುಗನಿಗೆ ದುಡಿಮೆಯಿಲ್ಲ. ಮಹಾವೀರನು ಆರಿಸಿದ ಜೋಡಿಯಲ್ಲಿ ದುಡಿಮೆಯೂ ಇದೆ, ಮುಚ್ಚುಮರೆಯೂ ಇದೆ. ಆಯ್ಕೆಗೆ ಕಾರಣ ಇದೇ ಎಂದು ಅವನು ಬರೆದಿಟ್ಟಿಲ್ಲ. ಆದರೆ ಇರುವ ಹದಿನಾರು ವರ್ಗದ ಜೋಡಿಗಳನ್ನು ಬರೆದುಕೊಂಡು ನೋಡಿದರೆ, ರುಚಿಯುಳ್ಳವನು ಮಾಡಿದ ಆಯ್ಕೆಯೆಂದು ನನಗೆ ಅನ್ನಿಸುತ್ತದೆ.

ಹಾರ ಇದೊಂದೇ ಅಲ್ಲ. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧. ಚಿಕ್ಕದು, ಮುದ್ದಾದದ್ದು. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳು. ೩೭೦೩೭೦೩೭ನ್ನು ೩ರಿಂದ ಗುಣಿಸಿದರೆ ಒಂಬತ್ತು ಒಂದುಗಳು. ಅದನ್ನು ಮತ್ತೆ ಒಂದರಿಂದ ಒಂಬತ್ತರವರೆಗೆ ಗುಣಿಸುತ್ತ ಹೋದರೆ ಎಲ್ಲ ಎರಡು, ಎಲ್ಲ ಮೂರು, ಹೀಗೆ. ಇದು ನನಗೆ ಅಷ್ಟಾಗಿ ರುಚಿಸದು. ಗುಣ್ಯದಲ್ಲೇ ತಾಳ ಕೇಳಿಸಿಬಿಡುತ್ತದೆ, ಒಂದು ಸಲ ಕಂಡ ಮೇಲೆ ಉಳಿದ ಎಂಟು ಸಲ ಬರೀ ಪುನರುಕ್ತಿ. ೩೩೩೩೩೩೬೬೬೬೬೭ನ್ನು ೩೩ರಿಂದ ಗುಣಿಸಿದರೆ ೧೧೦೦೦೦೧೧೦೦೦೦೧೧. ಇದರಲ್ಲಿ ಜೋಡಿಮಣಿಗಳ ನಡುವೆ ದಾರ ಕಾಣುವಂತಿದೆ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಹಿಡಿದದ್ದು ಇನ್ನೊಂದು: ೧೪೨೮೫೭೧೪೩ನ್ನು ೭ರಿಂದ ಗುಣಿಸುವುದು. ವಾಚಕರು ದಯಮಾಡಿ ಒಂದು ಕಾಗದ ತೆಗೆದುಕೊಂಡು ಮಾಡಿನೋಡಬೇಕು. ಏಳು ಮೂರಲೆ ಇಪ್ಪತ್ತೊಂದು. ಒಂದು ಬರೆದು ಎರಡು ಕೈಯಲ್ಲಿ. ಏಳು ನಾಲ್ಕಲೆ ಇಪ್ಪತ್ತೆಂಟು, ಎರಡು ಸೇರಿ ಮೂವತ್ತು. ಸೊನ್ನೆ ಬರೆದು ಮೂರು ಕೈಯಲ್ಲಿ. ಏಳೊಂದಲೆ ಏಳು, ಮೂರು ಸೇರಿ ಹತ್ತು, ಮತ್ತೆ ಸೊನ್ನೆ. ನಲವತ್ತೊಂಬತ್ತಕ್ಕೆ ಒಂದು ಸೇರಿ ಐವತ್ತು, ಮೂವತ್ತೈದಕ್ಕೆ ಐದು ಸೇರಿ ನಲವತ್ತು, ಐವತ್ತಾರಕ್ಕೆ ನಾಲ್ಕು ಸೇರಿ ಅರವತ್ತು. ಪ್ರತಿಯೊಂದು ಸ್ಥಾನದಲ್ಲೂ ಕೈಯಲ್ಲಿದ್ದದ್ದು ಸರಿಯಾಗಿ ಕೊರತೆಯಷ್ಟೇ ಇರುತ್ತದೆ, ಬರೆಯಬೇಕಾದದ್ದು ಸೊನ್ನೆಯೇ. ಕೊನೆಗೆ ಎರಡು ತುದಿಗೆ ಎರಡು ಒಂದು, ನಡುವೆ ಎಂಟು ಸೊನ್ನೆ: ೧೦೦೦೦೦೦೦೦೧. ಒಂದನ್ನು ಏಳರಿಂದ ಭಾಗಿಸಿದಾಗ ಮತ್ತೆ ಮತ್ತೆ ಬರುವ ೧೪೨೮೫೭ ಎಂಬ ಆವರ್ತದ ಬಾಲವನ್ನು ತಕ್ಕ ಜಾಗದಲ್ಲಿ ಕತ್ತರಿಸಿ, ಕೊನೆಯ ಅಂಕಿಯನ್ನು ಒಂದು ಏರಿಸಿ ಕಟ್ಟಿದ ಗಂಟು ಇದು. ೧೨೩೪೫೬೫೪೩೨೧ರಲ್ಲಿ ಚೆಲುವು ಗೆರೆಯ ಕೆಳಗೆ ಕೊನೆಗೆ ಕಾಣುತ್ತದೆ. ಇಲ್ಲಿ ಚೆಲುವು ಮಾಡುತ್ತಿರುವ ಕೈಗೇ ಹೆಜ್ಜೆಹೆಜ್ಜೆಗೂ ತಿಳಿಯುತ್ತದೆ. ಮಹಾವೀರನು ಇದನ್ನು ರಾಜಕಂಠಿಕೆಯೆಂದು ಕರೆದಿರುವುದು ತಕ್ಕುದಾಗಿದೆ.

ಆ ಕಂಠಿಕೆ ಎಂಬ ಮಾತು ಬರಿಯ ಒಡವೆಯ ಹೆಸರಲ್ಲ. ರಾಷ್ಟ್ರಕೂಟರಲ್ಲಿ ಯುವರಾಜ ಪದವಿಯ ಚಿಹ್ನೆಯೇ ಕಂಠಿಕೆ. ನೃಪತುಂಗನ ತಂದೆ ಮೂರನೆಯ ಗೋವಿಂದನ ತಾಮ್ರಶಾಸನಗಳಲ್ಲಿ ಒಂದು ಸಂಗತಿ ಬರುತ್ತದೆ. ತಂದೆ ಧ್ರುವನು ರಾಜ್ಯವನ್ನೇ ಕೊಡಲು ಬಂದಾಗ, ನೀವು ತೊಡಿಸಿದ ಈ ಕಂಠಿಕೆಯೇ ನನಗೆ ಸಾಕೆಂದು ಮಗನು ವಿನಯ ತೋರಿದನಂತೆ. (ಆ ವಿನಯ ಎಷ್ಟು ದಿನ ಉಳಿಯಿತೆಂಬುದು, ಪಟ್ಟಕ್ಕಾಗಿ ಅಣ್ಣ ಸ್ತಂಭನೊಡನೆ ನಡೆದ ಜಗಳವನ್ನು ಓದಿದವರಿಗೆ ಗೊತ್ತು.) ಇದನ್ನು ನೆನಪಿನಲ್ಲಿಟ್ಟು ನೋಡಿದರೆ, ೧೧೦೧೧೦೧೧ನ್ನು ೯೧ರಿಂದ ಗುಣಿಸಿ ಬರುವ ೧೦೦೨೦೦೨೦೦೧ ರಾಜಕುಮಾರನಿಗೆ ತಕ್ಕ ಹಾರ ಎಂದು ಮಹಾವೀರ ಹೇಳುವುದರಲ್ಲಿ ಆ ಕಾಲದ ಓದುಗನಿಗೆ ಕೇಳಿಸುತ್ತಿದ್ದ ಧ್ವನಿಯೇ ಬೇರೆ. ಚಿಕ್ಕ ವಯಸ್ಸಿನಲ್ಲಿ, ೮೧೪ರಲ್ಲಿ, ಪಟ್ಟಕ್ಕೆ ಬಂದು, ದಾಯಾದಿಗಳ ದಂಗೆಯನ್ನು ಕಂಡ ದೊರೆಯ ಆಳಿಕೆಯಲ್ಲಿ ಕಂಠಿಕೆಯ ಮಾತು ಹಗುರವಾಗಿರಲಾರದು. ರಂಗಾಚಾರ್ಯರ ಆಂಗ್ಲ ಅನುವಾದದಲ್ಲಿ ಈ ಶಬ್ದ ಸಾಧಾರಣ ನೆಕ್ಲೇಸಾಗಿಬಿಟ್ಟಿದೆ. ಶಾಸನ ಓದುವ ಕನ್ನಡ ವಿದ್ಯಾರ್ಥಿಯೊಬ್ಬ ಪಕ್ಕದಲ್ಲಿದ್ದಿದ್ದರೆ ಅದಕ್ಕೊಂದು ಟಿಪ್ಪಣಿಯಾದರೂ ಹುಟ್ಟುತ್ತಿತ್ತು.

ಆ ಕಾಲದ ಇತರ ಬರಹಗಳಲ್ಲೂ ಇಂಥ ಕಟ್ಟುಪಾಡಿನ ಮೋಹವಿದೆ. ಜಿನಸೇನಾಚಾರ್ಯನು ‘ಪಾರ್ಶ್ವಾಭ್ಯುದಯ’ದಲ್ಲಿ ಕಾಳಿದಾಸನ ‘ಮೇಘದೂತ’ದ ಸಾಲುಗಳನ್ನೆಲ್ಲ ತನ್ನ ಪದ್ಯಗಳೊಳಗೆ ಹೊಂದಿಸಿ, ಯಕ್ಷನ ವಿರಹವನ್ನು ತೀರ್ಥಂಕರನ ಕಥೆಗೆ ತಿರುಗಿಸಿದ್ದಾನೆ. ಕೊನೆಗೆ ಏನು ಬರಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡು, ಅದಕ್ಕೆ ಹೊಂದುವ ಮೊದಲನ್ನು ಹುಡುಕುವ ಕಲೆ ಅದು. ಹಾರಸಂಖ್ಯೆಯ ಕಲೆಯೂ ಇದೇ. ಇವರಿಬ್ಬರನ್ನೂ ಒಂದೇ ತರಗತಿಯಲ್ಲಿ ಓದಿಸುವ ಅಧ್ಯಾಪಕರನ್ನು ನಾನು ಕಂಡಿಲ್ಲ.

ಮಹಾವೀರನಲ್ಲಿ ಹರಿದ ಹಾರವೂ ಒಂದಿದೆ. ಗಂಡಹೆಂಡಿರ ಪ್ರಣಯಕಲಹದಲ್ಲಿ ಮುತ್ತಿನ ಹಾರ ಹರಿಯುತ್ತದೆ. ಮೂರರಲ್ಲೊಂದು ಪಾಲು ದಾಸಿಯ ಕಡೆಗೆ, ಆರರಲ್ಲೊಂದು ಹಾಸಿಗೆಯ ಮೇಲೆ. ಉಳಿದುದರ ಅರ್ಧ, ಅದರಲ್ಲಿ ಉಳಿದುದರ ಅರ್ಧ, ಹೀಗೆ ಆರು ಸಲ ಅರ್ಧರ್ಧವಾಗಿ ಅಲ್ಲಲ್ಲಿ ಚೆಲ್ಲಿ, ಕೊನೆಗೆ ೧೧೬೧ ಮುತ್ತು ದಾರದಲ್ಲಿ ಉಳಿದವು. ಮೊದಲಿದ್ದ ಮುತ್ತೆಷ್ಟು? ಉತ್ತರ ೧,೪೮,೬೦೮. 'ಗಣಿತಸಾರಸಂಗ್ರಹ' ರಸಿಕ ಗ್ರಂಥವೆಂದು ತೋರಿಸಲು ಎಲ್ಲರೂ ಉದಾಹರಿಸುವುದು ಈ ಲೆಕ್ಕವನ್ನು. ಇದರಲ್ಲಿ ಇರುಳಿದೆ, ಹೆಣ್ಣಿದೆ, ಮುತ್ತಿದೆ, ಕಾವ್ಯಕ್ಕೆ ಬೇಕೆಂದು ನಾವು ತಿಳಿದ ಸಾಮಗ್ರಿಯೆಲ್ಲ ಇದೆ. ಆದರೆ ಒಂದೂವರೆ ಲಕ್ಷ ಮುತ್ತಿನ ಹಾರವನ್ನು ಹೊತ್ತ ಕೊರಳು ಯಾವುದು? ವರ್ಣನೆ ಒಂದು ಕಡೆಗೆ, ಲೆಕ್ಕ ಒಂದು ಕಡೆಗೆ ಎಳೆಯುತ್ತದೆ. ಪ್ರಸಂಗವನ್ನು ತೆಗೆದು ಮಾವಿನ ಹಣ್ಣಿನ ರಾಶಿಯನ್ನಿಟ್ಟರೂ ಲೆಕ್ಕಕ್ಕೆ ಬಾಧಕವಿಲ್ಲ. ೧೨೩೪೫೬೫೪೩೨೧ರಲ್ಲಿ ಹೆಣ್ಣೂ ಇಲ್ಲ, ಇರುಳೂ ಇಲ್ಲ. ಅಲ್ಲಿ ಹಾರವೇ ಲೆಕ್ಕ, ಲೆಕ್ಕವೇ ಹಾರ; ಒಂದನ್ನು ತೆಗೆದು ಇನ್ನೊಂದನ್ನು ಉಳಿಸಲಾಗದು. ಅಲಂಕಾರವು ಹೊರಗಿನಿಂದ ತೊಡಿಸಿದ್ದೋ ಒಳಗಿನಿಂದ ಹುಟ್ಟಿದ್ದೋ ಎಂದು ನಮ್ಮ ಕಾವ್ಯಮೀಮಾಂಸಕರು ಕೇಳುವ ಪ್ರಶ್ನೆಯನ್ನು ಇಲ್ಲಿ ಕೇಳಿದರೆ, ಮುತ್ತಿನ ಲೆಕ್ಕಕ್ಕಿಂತ ಈ ಬರಿಯ ಅಂಕಿಗಳಿಗೇ ಹೆಚ್ಚು ಅಂಕ ಕೊಡಬೇಕಾಗುತ್ತದೆ.

ದೋಷಗಳನ್ನು ಹೇಳದೆ ಬಿಟ್ಟರೆ ಇದು ವಿಮರ್ಶೆಯಾಗದು. ಮಹಾವೀರನು ಹಾರವನ್ನು ತೋರಿಸುತ್ತಾನೆ, ಹೆಣೆದ ಬಗೆಯನ್ನು ಹೇಳುವುದಿಲ್ಲ. ಮೇಲೆ ನಾನು ೫೨೯೧ರ ದಾರಿಯನ್ನು ಹಿಡಿದು ಬಂದದ್ದು ಉತ್ತರವನ್ನು ಒಡೆದು ನೋಡಿ. ಗ್ರಂಥದಲ್ಲಿ ಆ ಮೆಟ್ಟಿಲುಗಳಿಲ್ಲ. ಸೂತ್ರ, ಉದಾಹರಣೆ, ಮತ್ತೆ ಸೂತ್ರ ಎಂಬ ಈ ಪದ್ಧತಿಯಲ್ಲಿ ಗುರು ಬದುಕಿರುವವರೆಗೆ ವಿದ್ಯೆ ಬದುಕುತ್ತದೆ. ಗುರು ಹೋದಮೇಲೆ ಚಮತ್ಕಾರ ಮಾತ್ರ ಉಳಿಯುತ್ತದೆ. ಅದಲ್ಲದೆ, ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂದು ಅವನು ಹೇಳಿರುವುದು ತಪ್ಪು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ತನ್ನ ಕಾಲದ ಗಣಿತದೊಳಗೆ ಅಷ್ಟು ಖಚಿತವಾಗಿ ಹೇಳಿದವನೇ ಸೊನ್ನೆಯ ಬಳಿ ಎಡವಿದ್ದಾನೆ. ಎಂಟು ಸೊನ್ನೆಗಳನ್ನು ಅಷ್ಟು ಅಂದವಾಗಿ ಪೋಣಿಸಿದವನು ಒಂಟಿ ಸೊನ್ನೆಯ ಸ್ವಭಾವವನ್ನು ಪೂರ್ತಿ ಅರಿಯಲಿಲ್ಲ. ಎಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದಿತ್ತು ಎಂದು ಸಭೆಗಳಲ್ಲಿ ಭಾಷಣ ಮಾಡುವ ಮಹನೀಯರು ಹಾರದ ಪದ್ಯಗಳ ಜೊತೆಗೆ ಈ ಪದ್ಯವನ್ನೂ ಓದಿದರೆ ಒಳ್ಳೆಯದು. ಹಾರಸಂಖ್ಯೆಗಳಿಗೆ ಮಂತ್ರಶಕ್ತಿಯನ್ನು ಆರೋಪಿಸುವವರೂ ಇದ್ದಾರೆ. ಅವರಿಗೆ ಮಹಾವೀರನ ಗ್ರಂಥದಲ್ಲಿ ಆಧಾರ ಸಿಗದು. ಅವನು ಕೇಳಿದ್ದು ಗುಣಿಸು ಎಂದು, ಜಪಿಸು ಎಂದಲ್ಲ.

ಗ್ರಂಥ ಸಿಗುವುದಿಲ್ಲವೆಂಬ ನೆಪ ಈಗ ನಡೆಯುವಂತಿಲ್ಲ. ೧೯೧೨ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಮೂಲವನ್ನು ಆಂಗ್ಲ ಅನುವಾದದೊಡನೆ ಅಚ್ಚುಹಾಕಿಸಿದರು. ಅದಕ್ಕಾಗಿ ಅವರು ನೋಡಿದ ಪ್ರತಿಗಳಲ್ಲಿ ಕನ್ನಡ ಲಿಪಿಯ ಓಲೆಗಳೂ ಇದ್ದವು. ಹೊಂಬುಜದ ಜೈನಮಠದಿಂದ ೨೦೦೦ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದವೂ ಬಂದಿದೆ. ಹನ್ನೊಂದನೆಯ ಶತಮಾನದಲ್ಲೇ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ತೆಲುಗರು ಅವನನ್ನು ತಮ್ಮ ಸಾಹಿತ್ಯದ ಇತಿಹಾಸದಲ್ಲಿ ಕವಿಗಳ ಪಂಕ್ತಿಯಲ್ಲಿ ಕೂರಿಸಿದ್ದಾರೆ. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ ಮೊದಲಾದುವು ಇವೆ. ಅವನನ್ನೂ ನಾವು ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಲ್ಲಿ ಮುಗಿಸುತ್ತೇವೆ. ಕನ್ನಡ ಎಂ.ಎ. ತರಗತಿಗಳಲ್ಲಿ ‘ಕವಿರಾಜಮಾರ್ಗ’ವನ್ನು ಪಾಠ ಹೇಳುವಾಗ ಒಂದು ಗಂಟೆಯನ್ನು ಈ ಹಾರಗಳಿಗೆ ಮೀಸಲಿಡಲು ಯಾವ ಪಠ್ಯಸಮಿತಿಯ ಒಪ್ಪಿಗೆಯೂ ಬೇಕಾಗಿಲ್ಲ. ಕಪ್ಪುಹಲಗೆ, ಸೀಮೆಸುಣ್ಣ ಇದ್ದರಾಯಿತು. ಸೇಡಮ್ಮಿನ, ಚಿತ್ತಾಪುರದ, ಚಿಂಚೋಳಿಯ ಕಾಲೇಜುಗಳಲ್ಲಿ ಗಣಿತಕ್ಕೆ ಹೆದರಿ ಕನ್ನಡ ತೆಗೆದುಕೊಂಡ ಹುಡುಗ ಹುಡುಗಿಯರಿಗೆ, ಅವರ ಊರಿನಿಂದ ಗಾವುದ ದೂರದಲ್ಲಿ ಆಳಿದ ದೊರೆಯ ಕಾಲದ ಈ ಲೆಕ್ಕ ಪರಕೀಯವಾಗಬೇಕಾಗಿಲ್ಲ.

ಹಾರಗಳ ಪಕ್ಕದಲ್ಲೇ ಮಹಾವೀರನು ಇನ್ನೊಂದು ಲೆಕ್ಕವನ್ನಿಟ್ಟಿದ್ದಾನೆ. ಅದಕ್ಕೆ ಹಾರವೆಂಬ ಹೆಸರು ಕೊಟ್ಟಿಲ್ಲ. ೨೬೨೧೪೪ನ್ನು ೬೪ರಿಂದ ಗುಣಿಸಬೇಕು. ಬರುವುದು ೧೬೭೭೭೨೧೬. ಎಡಬಲ ಒಂದಾಗುವುದಿಲ್ಲ, ಕಣ್ಣಿಗೆ ಏರಿಳಿತವೂ ಕಾಣದು. ಆದರೆ ೨೬೨೧೪೪ ಎಂಬುದು ೬೪ರ ಘನ. ಆದ್ದರಿಂದ ಬಂದದ್ದು ೬೪ನ್ನು ನಾಲ್ಕು ಸಲ ಇಟ್ಟು ಗುಣಿಸಿದ ಸಂಖ್ಯೆ. ಆ ಕಾಲದ ಜೈನ ಸಿದ್ಧಾಂತ ಗ್ರಂಥವಾದ ವೀರಸೇನನ ‘ಧವಲಾ’ ಟೀಕೆಯಲ್ಲಿ ಅರ್ಧಚ್ಛೇದವೆಂಬ ಪರಿಭಾಷೆ ಬರುತ್ತದೆ: ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಮಾಡಿದರೆ ಒಂದು ಉಳಿಯುತ್ತದೆ ಎಂಬ ಎಣಿಕೆ. ೨೬೨೧೪೪ಕ್ಕೆ ಅರ್ಧಚ್ಛೇದ ಹದಿನೆಂಟು, ೬೪ಕ್ಕೆ ಆರು. ಗುಣಲಬ್ಧಕ್ಕೆ ಅವೆರಡೂ ಕೂಡಿ ಇಪ್ಪತ್ತನಾಲ್ಕು. ಇಪ್ಪತ್ತನಾಲ್ಕು ಎಂದೊಡನೆ ಮಹಾವೀರನ ಸ್ಥಾನನಾಮಗಳೂ ಇಪ್ಪತ್ತನಾಲ್ಕು ತೀರ್ಥಂಕರರೂ ನೆನಪಾಗುವುದು ಸಹಜ. ನೆನಪಾದ ಮಾತ್ರಕ್ಕೆ ಅದನ್ನು ಸಾಕ್ಷ್ಯವೆಂದು ಹಿಡಿಯುವಂತಿಲ್ಲ. ಪಾಟಿಯ ಮೇಲೆ ೧೬೭೭೭೨೧೬ನ್ನು ಬರೆದು ಅರ್ಧ ಮಾಡುತ್ತ ಹೋದರೆ ೮೩೮೮೬೦೮, ೪೧೯೪೩೦೪, ೨೦೯೭೧೫೨ ಎಂದು ಇಳಿಯುತ್ತ, ಇಪ್ಪತ್ತನಾಲ್ಕನೆಯ ಸಲಕ್ಕೆ ಒಂದು ಉಳಿಯುತ್ತದೆ.